ಪಾಪುವನ್ನೂ ದೀಪದ ಕೆಳಗಿಟ್ಟವರು

ಆಹಾರವನ್ನೂ ಪಶು ಆಹಾರವನ್ನೂ ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯದಲ್ಲಿ ಹೆಸರು ಮಾಡುವುದು ಕಷ್ಟ. ಉಂಡವರು ನೆಮ್ಮದಿಯಾಗಿ ನಿದ್ದೆಹೋದರೆ ಯಾರಿಗೂ ಪ್ರಯೋಗಾಲಯದ ನೆನಪಾಗುವುದಿಲ್ಲ. ಯಾರಾದರೂ ಏಳದೇ ಹೋದ ಬೆಳಿಗ್ಗೆ ಮಾತ್ರ ಎಲ್ಲರಿಗೂ ಅದರ ವಿಳಾಸ ಬೇಕಾಗುತ್ತದೆ. ಇಂಥ ಕಡೆ ತಮ್ಮ ಸೇವಾವಧಿಯನ್ನೆಲ್ಲ ಸವೆಸಿ, ಒಂದು ಪ್ರಯೋಗಾಲಯಕ್ಕೆ ಮಾನ್ಯತೆ ತಂದುಕೊಟ್ಟು, ಅದನ್ನು ತಾವೇ ಕೈಯಾರೆ ಹಿಂದಿರುಗಿಸಿ, ಮತ್ತೆ ಸಂಪಾದಿಸಿಕೊಟ್ಟ ಗುಣಮಟ್ಟ ವಿಭಾಗದ ಮುಖ್ಯಸ್ಥೆ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಇಲಾಖೆಯ ಕಾಗದಗಳಲ್ಲಿ ಅವರಿಗೆ ಒಂದೇ ಉಸಿರಿಗೆ ಓದಲಾಗದಷ್ಟು ಉದ್ದದ ಪದನಾಮವಿದೆ. ನಮಗೆಲ್ಲ ಅವರು ಸೊನ್ನೆ ಮೇಡಂ. ಆ ಹೆಸರು ಬೆನ್ನ ಹಿಂದೆ ಹುಟ್ಟಿತು, ಎದುರಿಗೇ ಬೆಳೆಯಿತು, ಕೊನೆಗೆ ಅವರ ಚಹಾದ ಲೋಟದ ಮೇಲೂ ಹತ್ತಿ ಕುಳಿತಿತು.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮಲ್ಲಿ ದೊಡ್ಡ ಯಂತ್ರಗಳಿರಲಿಲ್ಲ. ಮೆಟ್ಟಿಲ ಹಿಂದಿನ ಕತ್ತಲೆ ಕೋಣೆಯಲ್ಲಿ ಬಿಳಿಪುಡಿ ಬಳಿದ ಗಾಜಿನ ಹಲಗೆಗಳಿದ್ದವು, ಒಂದು ನೇರಳೆ ದೀಪವಿತ್ತು. ಮೇವಿನ ಸಾರವನ್ನು ಹಲಗೆಯ ಮೇಲೆ ಚುಕ್ಕೆಯಿಟ್ಟು, ದ್ರಾವಕದಲ್ಲಿ ಏರಲು ಬಿಟ್ಟು, ದೀಪದಡಿ ಹಿಡಿದರೆ ಬೂಷ್ಟಿನ ನಂಜು ಇದ್ದಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಆ ನಂಜಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ತನ್ನನ್ನು ತೋರಿಸಿಕೊಳ್ಳಲು ಅದಕ್ಕೆ ಕತ್ತಲೆಯೇ ಬೇಕು. ಹೊಸಬರು ಆ ಕೋಣೆಗೆ ಒಬ್ಬರೇ ಹೋಗಲು ಹಿಂಜರಿಯುತ್ತಿದ್ದರು. ಮೇಡಂ ಹೋಗಿ ಕುಳಿತು, ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ಕಾಯುತ್ತಿದ್ದರು.

ತಕ್ಕಡಿ ಕೋಣೆಯಲ್ಲೂ ಅವರದು ಅದೇ ತಾಳ್ಮೆ. ಬಾಗಿಲು ಮುಚ್ಚಿ ಉಸಿರು ಬಿಗಿಹಿಡಿದರೂ ಒಮ್ಮೊಮ್ಮೆ ಖಾಲಿ ತಟ್ಟೆ ಏನೋ ತೂಕ ತೋರಿಸುತ್ತಿತ್ತು, ಕಾಣದ ಬೆರಳೊಂದು ಮೆಲ್ಲಗೆ ಒತ್ತಿದಂತೆ. "ಯಾರೋ ಇದ್ದಾರೆ. ಎದ್ದು ಹೋಗ್ಲಿ, ಕಾಯೋಣ," ಎನ್ನುತ್ತಿದ್ದರು ಮೇಡಂ, ಸೀಟು ಹಿಡಿದ ನೆಂಟರ ಬಗ್ಗೆ ಹೇಳುವಂತೆ. ಅಂಕಿ ಸೊನ್ನೆಗೆ ಬಂದು ನಿಂತ ಮೇಲೆಯೇ ತೂಕ. ಮಾದರಿಯಲ್ಲಿ ಏನು ಸಿಕ್ಕಿತೆಂದು ಹೇಳಲು ಓಡಿಬಂದವರಿಗೆಲ್ಲ ಅವರ ಮೊದಲ ಪ್ರಶ್ನೆ ಒಂದೇ: "ಸೊನ್ನೆ ಎಷ್ಟು ಬಂತು?" ಹಾಲು ಸುರಿಯುವ ಮೊದಲು ತೊಳೆದ ಪಾತ್ರೆಯನ್ನು ಮೂಸುವುದಿಲ್ಲವೇ, ಹಾಗೆ. ಏನೂ ಇಲ್ಲದ್ದರಲ್ಲಿ ನಿಜಕ್ಕೂ ಏನೂ ಇಲ್ಲ ಎಂದು ಖಾತ್ರಿಯಾಗದೆ ಉಳಿದದ್ದನ್ನು ನಂಬಬಾರದು ಎಂಬುದು ಅವರು ನಮಗೆ ಕಲಿಸಿದ ಮೊದಲ ಪಾಠ.

ಅವರ ಕಟ್ಟುನಿಟ್ಟನ್ನು ಕಂಡವರಿಗೆ ಅವರ ಮಮತೆ ತಡವಾಗಿ ಕಾಣುತ್ತಿತ್ತು. ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ ಕಿರಿಯ ವಿಶ್ಲೇಷಕಿಯೊಬ್ಬಳು ನಿದ್ದೆಗೆಟ್ಟು ತಕ್ಕಡಿಯ ಮುಂದೆಯೇ ತೂಕಡಿಸುತ್ತಿದ್ದಾಗ, ಅವರು ತಮ್ಮ ಬಿಳಿ ಕೋಟನ್ನು ಮಡಚಿ ಅವಳ ತಲೆಯಡಿಗಿಟ್ಟು, ಅವಳ ಪಾಲಿನ ಮಾದರಿಗಳನ್ನು ತಾವೇ ತೂಗಿದರು. ಎಚ್ಚರವಾದವಳು ನಾಚಿ ಏನೋ ಹೇಳಹೋದರೆ, "ಮಗು ಮಲಗಿದಾಗ ತಾಯಿ ಮಲಗಬೇಕು. ಇಲ್ಲಿ ಮಲಗಿರೋದು ಮೇವು, ಅಷ್ಟೇ," ಎಂದು ನಕ್ಕರು.

ಮುಂದೆ ಮಾನ್ಯತೆಯ ಕಾಲ ಬಂತು. ಹೊರಗಿನ ತಜ್ಞರು ಬಂದು ತಕ್ಕಡಿ, ತಾಪಮಾಪಕ, ಕೆಲಸಗಾರರ ಕೈ, ಎಲ್ಲವನ್ನೂ ನೋಡಿ ಒಪ್ಪಿದರೆ ಮಾತ್ರ ನಮ್ಮ ವರದಿಗೆ ಬೆಲೆ ಎಂದಾಯಿತು. ಹಗಲನ್ನು ಪ್ರಯೋಗಾಲಯಕ್ಕೂ ಸಂಜೆಯನ್ನು ಮನೆಗೂ ಹಂಚಿಕೊಟ್ಟು, ತಮಗೆಂದು ಏನನ್ನೂ ಉಳಿಸಿಕೊಳ್ಳದೆ ಮೇಡಂ ದುಡಿದರು. ಮಾನ್ಯತೆಯ ಫಲಕ ಗೇಟಿಗೆ ಬಂತು, ಹೊಸ ಯಂತ್ರವೂ ಬಂತು. ಅದರ ಜೊತೆಗೇ ಬಂದದ್ದು ಪಾಪು.

ಪಾಪು ಎಂದರೆ ಒಂದು ಡ್ರಮ್ಮಿನ ತುಂಬ ಶುದ್ಧ ಪಶು ಆಹಾರ. ನಂಜಿಲ್ಲವೆಂದು ಹಲವು ಸಲ ನೋಡಿ, ಮೇಡಂ ಅವರೇ ಆರಿಸಿ ಸಹಿ ಮಾಡಿದ್ದು. ಮೇವಿನ ಸ್ವಂತ ಬಣ್ಣ, ಎಣ್ಣೆಗಳು ಯಂತ್ರದ ಕಣ್ಣಿಗೆ ಮೋಸ ಮಾಡಬಾರದೆಂದು, ಯಂತ್ರ ಮೊದಲು ಈ ಶುದ್ಧ ಮೇವನ್ನು ಅಳೆದು, ಅಲ್ಲಿ ಕಂಡಷ್ಟನ್ನು ಪ್ರತಿಯೊಂದು ಮಾದರಿಯಿಂದಲೂ ತಾನೇ ಕಳೆಯುತ್ತಿತ್ತು. ಏನೂ ಅರಿಯದ ಈ ಡ್ರಮ್ಮಿಗೆ ಪಾಪು ಎಂದು ಹೆಸರಿಟ್ಟವರೂ ಮೇಡಂ ಅವರೇ. "ಪಾಪುವನ್ನ ಕರ್ಕೊಂಡು ಬಾ," "ಪಾಪು ಮಲಗಿಸಿದ್ಯಾ?" ಎಂದು ದಿನವೂ ಕೇಳಿಬರುತ್ತಿತ್ತು. ಪರಿಶೀಲಕರು ಬರುವರೆಂದು ಉಗ್ರಾಣಕ್ಕೆ ಸುಣ್ಣ ಬಳಿದಾಗ, ಚೆಂದ ಕಾಣಲೆಂದು ಡ್ರಮ್ಮನ್ನು ಕೋಣೆಯ ನಡುವಿನಿಂದ ಗೋಡೆಯ ಮೂಲೆಗೆ ಸರಿಸಲು ಹೇಳಿದವರೂ ಅವರೇ.

ಆಮೇಲಿನದು ನಮ್ಮ ಅತ್ಯಂತ ನೆಮ್ಮದಿಯ ವರ್ಷ. ಮೇವಿನ ವರದಿಗಳೆಲ್ಲ ಶುದ್ಧ. ಯಂತ್ರ ಸರಿಯಿದೆಯೇ ಎಂದು ತೋರಿಸುವ ಗೋಡೆಯ ನಕ್ಷೆಯಲ್ಲಿ ಗೆರೆ ಸ್ವಲ್ಪವೂ ಏರಿಳಿಯದೆ ಸಾಗಿತ್ತು. ನಮ್ಮ ಲೆಕ್ಕವನ್ನು ಬೇರೆ ಪ್ರಯೋಗಾಲಯಗಳ ಲೆಕ್ಕಕ್ಕೆ ಹೋಲಿಸಿ ನೋಡಲು ವರ್ಷಕ್ಕೊಮ್ಮೆ ಹೊರಗಿನಿಂದ ಬರಬೇಕಿದ್ದ ಮಾದರಿ ಯಾವುದೋ ಕಡತದಲ್ಲಿ ಸಿಕ್ಕಿಬಿದ್ದಿದ್ದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೇಡಂ ಮಾತ್ರ ಆ ನಕ್ಷೆಯ ಮುಂದೆ ನಿಂತು, "ಇಷ್ಟು ನೆಟ್ಟಗೆ ಉಸಿರಾಡೋರು ಯಾರಿದ್ದಾರೆ?" ಎಂದರು. ನಾವು ನಕ್ಕೆವು. ಸೊನ್ನೆ ಎಷ್ಟು ಬಂತೆಂದು ಕೇಳಿದರು. ಸೊನ್ನೆಯೇ ಬಂದಿದೆ ಎಂದೆವು.

ಮರುಮಾನ್ಯತೆಗೆ ಪರಿಶೀಲಕರು ಬರುವ ವಾರದಲ್ಲಿ ಪಶುವೈದ್ಯರು ಬಂದು ಮೇಡಂ ಅವರನ್ನು ಊರಂಚಿನ ಕೊಟ್ಟಿಗೆಗೆ ಕರೆದೊಯ್ದರು. ತಗಡಿನ ಮಾಡು, ಸಿಮೆಂಟಿನ ಗೋಡೆ. ಒಳಗೆ ಸದ್ದೇ ಇಲ್ಲ. ಕರುಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದೂ ಹಣೆಯನ್ನು ಗೋಡೆಗೆ ಒತ್ತಿ, ಕಣ್ಣು ಅರೆತೆರೆದು, ಬಾಲ ಕೂಡ ಅಲ್ಲಾಡಿಸದೆ. ಮೇವು ಮುಂದೆಯೇ ಇತ್ತು. ನೊಣ ಕಣ್ಣಿನ ಮೇಲೆ ಕೂತರೂ ರೆಪ್ಪೆ ಬಡಿಯುತ್ತಿರಲಿಲ್ಲ.

"ಯಾವಾಗಿಂದ ಹೀಗೆ ನಿಂತಿವೆ?" ಎಂದು ಮೇಡಂ ಕೇಳಿದರು.

"ನಿನ್ನೆ ಒಂದೇ ನಿಂತಿತ್ತು ಅಕ್ಕ," ಎಂದಳು ಕೊಟ್ಟಿಗೆಯ ಒಡತಿ. "ಬೆಳಿಗ್ಗೆ ಎದ್ದು ನೋಡಿದ್ರೆ ಎಲ್ಲವೂ. ಕರೆದ್ರೆ ತಿರುಗಲ್ಲ. ಗೋಡೆ ಒಳಗೆ ಯಾರೋ ಮಾತಾಡ್ತಿದ್ದಾರೆ, ಇವು ಕೇಳಿಸ್ಕೊಳ್ತಿವೆ ಅನ್ನೋ ಹಾಗೆ."

ವೈದ್ಯರು ದನಿ ತಗ್ಗಿಸಿದರು. "ಯಕೃತ್ತು ಕೆಟ್ಟಾಗ ಹೀಗೆ ಮಾಡ್ತವೆ. ಬೂಷ್ಟಿನ ನಂಜು ಅಂತ ಮೊದಲೇ ಅನಿಸಿತ್ತು. ಆದ್ರೆ ಮೇವು ಶುದ್ಧ ಅಂತ ನಿಮ್ಮ ವರದಿ ಇತ್ತಲ್ಲ ಮೇಡಂ. ಅದಕ್ಕೇ ಬೇರೆ ರೋಗ ಹುಡುಕ್ತಾ ಕೂತೆ."

"ಸರ್ಕಾರದ ಮುದ್ರೆ ಇದೆ ಅಂತಲೇ ಈ ಮೇವು ತಂದಿದ್ದು," ಎಂದಳು ಒಡತಿ. ಅವಳ ದನಿಯಲ್ಲಿ ದೂರಿರಲಿಲ್ಲ. ಅದೇ ಮೇಡಂ ಅವರಿಗೆ ಹೆಚ್ಚು ಚುಚ್ಚಿತು.

ಆ ಮೇವನ್ನು ತಂದು ಯಂತ್ರಕ್ಕೆ ಕೊಟ್ಟರೆ ಮತ್ತೆ ಸೊನ್ನೆ. ಗೋದಾಮಿನಿಂದ ಹೊಸ ಸರಕು ಹೇರಿಕೊಂಡ ಲಾರಿಗಳು ನಮ್ಮ ವರದಿಗಾಗಿ ಕಾದು ನಿಂತಿದ್ದವು. ಅದರ ಮಾದರಿಯೂ ಸೊನ್ನೆ. ಸಂಜೆ ಮನೆಯಲ್ಲಿ ಮಗಳು ಹಾಲಿನ ಲೋಟ ಎತ್ತಿದಳು. ಊರಿನ ಹಾಲೆಲ್ಲ ಆ ಕೊಟ್ಟಿಗೆಗಳದ್ದೇ. ದನ ತಿಂದ ನಂಜು ಹಾಲಿಗೂ ಇಳಿಯುತ್ತದೆ. ಮೇಡಂ ಕೈ ಚಾಚಿ ಲೋಟ ತೆಗೆದುಕೊಂಡರು.

"ಯಾಕಮ್ಮ, ಕೆಟ್ಟಿದ್ಯಾ?"

"ಗೊತ್ತಿಲ್ಲ ಕಂದ."

"ನಿಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?" ಎಂದಳು ಮಗಳು, ತಮಾಷೆಗೆ. ಆ ಮಾತನ್ನು ಮೇಡಂ ಇಂದಿಗೂ ನೆನೆಯುತ್ತಾರೆ.

ಮರುದಿನ ಅವರು ಎಷ್ಟೋ ಕಾಲದಿಂದ ಬಳಸದಿದ್ದ ಗಾಜಿನ ಹಲಗೆಯ ಧೂಳು ಒರೆಸಿದರು. ಯಂತ್ರಕ್ಕೆ ಕಳೆಯುವುದು ಗೊತ್ತು, ಹಲಗೆಗೆ ಕಳೆಯಲು ಬರುವುದಿಲ್ಲ. ಹಿಂದೆ ಕೋಟಿನ ಮೇಲೆ ಮಲಗಿದ್ದ ಆ ಕಿರಿಯ ವಿಶ್ಲೇಷಕಿಯನ್ನು ಸಾಕ್ಷಿಗೆ ಕರೆದರು. ಬರಿಯ ದ್ರಾವಕದ ಒಂದು ಚುಕ್ಕೆ, ಕೊಟ್ಟಿಗೆಯ ಮೇವಿನದೊಂದು, ಲಾರಿಯದೊಂದು. ಕೊನೆಗೆ ಪಾಪುವಿನದು.

"ಪಾಪುವನ್ನ ಯಾಕೆ ಮೇಡಂ?"

"ಮಗು ಅಂತ ಮೈ ತೊಳೀದೆ ಬಿಡ್ತೀವಾ? ಇರಲಿ."

ಹೊರಗೆ ಊಟದ ಡಬ್ಬಿಗಳ ಸದ್ದು, ನಗು. ಒಳಗೆ ಕತ್ತಲೆ. ದೀಪ ಹಾಕಿದಾಗ ದ್ರಾವಕದ ಜಾಡು ಕಪ್ಪಾಗಿಯೇ ಇತ್ತು. ಉಳಿದ ಮೂರೂ ಜಾಡುಗಳಲ್ಲಿ, ಒಂದೇ ಎತ್ತರದಲ್ಲಿ, ಮೂರು ನೀಲಿ ಚುಕ್ಕೆಗಳು ನಿಧಾನವಾಗಿ ಕಣ್ಣು ತೆರೆದವು. ಪಾಪುವಿನದು ಯಾವುದಕ್ಕೂ ಕಡಿಮೆಯಿರಲಿಲ್ಲ. ಮೂರೂ ಒಂದೇ ತಾಯಿಯ ಮಕ್ಕಳಂತೆ ಹೊಳೆದವು.

"ದೀಪ ಆರಿಸಿ ಮೇಡಂ," ಎಂದಳು ಕಿರಿಯಳು. "ಅದು ನಮ್ಮನ್ನೇ ನೋಡ್ತಿದೆ."

ಮೇಡಂ ಆರಿಸಲಿಲ್ಲ. ಅವರಿಗೆ ಇಡೀ ವರ್ಷದ ಲೆಕ್ಕ ಒಮ್ಮೆಗೇ ತಿಳಿದುಹೋಗಿತ್ತು. ಪಾಪುವಿನಿಂದ ಪಾಪುವನ್ನೇ ಕಳೆದರೆ ಸೊನ್ನೆ ಬರದೆ ಇನ್ನೇನು ಬಂದೀತು? ನಂಜಿನ ಮೇವಿನಿಂದ ನಂಜಿನ ಪಾಪುವನ್ನು ಕಳೆದು, ಪ್ರತಿ ವರದಿಯಿಂದಲೂ ವಿಷವನ್ನು ಅಳಿಸಿ, ಶುದ್ಧವೆಂದು ಮುದ್ರೆ ಒತ್ತಿ ಕಳಿಸಿದ್ದಾಗಿತ್ತು. ಸಹಿ ಅವರದು.

ಅವರು ಉಗ್ರಾಣಕ್ಕೆ ಹೋಗಿ ಡ್ರಮ್ಮನ್ನು ಸರಿಸಿದರು. ಮೂಲೆಯ ಸುಣ್ಣ ಬೆಳ್ಳಗೆ ಚೆಂದವಾಗಿಯೇ ಇತ್ತು, ಮುಟ್ಟಿದರೆ ತಣ್ಣಗೆ. ಬಾಗಿ ಗೋಡೆಗೆ ಹಣೆ ಹಚ್ಚಿದರು. ಒಳಗೆ ನೀರಿನ ಕೊಳವೆಯೊಂದು ಸಣ್ಣಗೆ, ಬಿಡದೆ, ಏನನ್ನೋ ಪಿಸುಗುಡುತ್ತ ಒಸರುತ್ತಿತ್ತು. ಆ ತೇವವೇ ಪಾಪುವಿಗೆ ಬೂಷ್ಟು ಹಿಡಿಸಿತ್ತು. ತಾವು ನಿಂತ ಭಂಗಿ ಅವರಿಗೆ ಆಗ ಅರಿವಿಗೆ ಬಂತು. ಆ ಕರುಗಳು ನಿಂತಂತೆಯೇ ನಿಂತಿದ್ದರು.

ನಿರ್ದೇಶಕರು ಕೆಟ್ಟವರಲ್ಲ, ದಣಿದವರು. "ನಾಳೆ ಪರಿಶೀಲಕರು ಬರ್ತಾರೆ. ಅವರು ಹೋಗೋವರೆಗೆ ಸುಮ್ನಿದ್ದುಬಿಡಿ ಮೇಡಂ," ಎಂದರು. "ಆಮೇಲೆ ಡ್ರಮ್ ಬದಲಾಯಿಸೋಣ, ಎಲ್ಲಾ ಮರುಪರೀಕ್ಷೆ ಮಾಡೋಣ."

"ಅಲ್ಲೀವರೆಗೆ ಕರುಗಳು ಏನು ತಿನ್ನಬೇಕು ಸರ್?"

"ಮಾನ್ಯತೆ ಹೋದ್ರೆ ನಮ್ಮ ಒಂದು ವರದಿಯೂ ನಿಲ್ಲಲ್ಲ. ನೀವೇ ಕಟ್ಟಿದ ಮನೆ ಇದು."

"ಅದಕ್ಕೇ ಸರ್, ಗೋಡೆ ಒಡೆಸಿ ಅಂತ ಕೇಳ್ತಿರೋದು."

ನಿರ್ದೇಶಕರು ಫೋನನ್ನು ಮೇಡಂ ಅವರತ್ತ ಸರಿಸಿ, ಚಹಾ ಹೇಳಿ ಬರುತ್ತೇನೆಂದು ಎದ್ದು ಹೋದರು. ಚಹಾ ಬರುವುದರೊಳಗೆ ಲಾರಿಗಳು ಹೊರಡದಂತೆ ತಡೆ ಬಿದ್ದಿತ್ತು, ಕೊಟ್ಟಿಗೆಗಳಿಗೂ ಹಾಲಿನ ಕೇಂದ್ರಕ್ಕೂ ಸುದ್ದಿ ಹೋಗಿತ್ತು.

ಬೆಳಿಗ್ಗೆ ಪರಿಶೀಲಕರಿಗೆ ಹೂಗುಚ್ಛ ಸಿದ್ಧವಾಗಿತ್ತು. "ಪರಿಚಯ ಆಮೇಲೆ ಮಾಡ್ಕೊಳ್ಳೋಣ," ಎಂದು ಮೇಡಂ ಪರಿಶೀಲಕರನ್ನು ನೇರ ಕತ್ತಲೆ ಕೋಣೆಗೆ ಕರೆದೊಯ್ದರು. ಹಿರಿಯ ಪರಿಶೀಲಕರು ತಪ್ಪು ಹುಡುಕುವುದರಲ್ಲಿ ಹೆಸರಾದವರು. ಹುಡುಕುವ ಮೊದಲೇ ತಪ್ಪು ಕೈಗೆ ಬಂದದ್ದು ಅವರಿಗೆ ಅದೇ ಮೊದಲಿರಬೇಕು. ಹಲಗೆಯ ಮೇಲೆ ಬಾಗಿ ನೀಲಿ ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿದರು.

"ಮಾನ್ಯತೆ ಅಮಾನತು ಮಾಡಲೇಬೇಕಾಗುತ್ತೆ ಮೇಡಂ."

"ಮಾಡಿ. ಅದಕ್ಕೇ ಕರ್ಕೊಂಡು ಬಂದಿದ್ದು."

ಹೊರಡುವಾಗ ಬಾಗಿಲಲ್ಲಿ ತಡೆದು ನಿಂತು, ತಮಗೆ ತಾವೇ ಹೇಳಿಕೊಳ್ಳುವಂತೆ ಹಿರಿಯ ಪರಿಶೀಲಕರೆಂದರು: "ನಮ್ಮ ಪ್ರಯೋಗಾಲಯದಲ್ಲೂ ಹೀಗೇ ಕಳೀತೀವಿ. ನಮ್ಮ ಡ್ರಮ್ಮನ್ನ ಯಾರೂ ದೀಪದಡಿ ಇಟ್ಟಿಲ್ಲ."

ಮುಂದಿನ ವಾರಗಳಲ್ಲಿ ಬೇರೆ ಬೇರೆ ಪ್ರಯೋಗಾಲಯಗಳಿಂದ ಮೇಡಂ ಅವರಿಗೆ ಫೋನು ಬರತೊಡಗಿತು. ಕೆಲವರು ತಮ್ಮ ಹಲಗೆ ಕಪ್ಪಾಗಿದೆ ಎಂದು ಹೇಳಿ ನಿಟ್ಟುಸಿರಿಟ್ಟರು. ಕೆಲವರು ಏನೂ ಹೇಳದೆ, ಉಸಿರು ಮಾತ್ರ ಕೇಳಿಸುತ್ತಿರುವಾಗ, ಫೋನಿಟ್ಟರು.

ಗೇಟಿನ ಫಲಕವನ್ನು ಮೇಡಂ ಅವರೇ ಬಿಚ್ಚಿ, ಬೆಳೆದ ಮಕ್ಕಳ ಬಟ್ಟೆಯನ್ನು ಎತ್ತಿಡುವಂತೆ ಹಳೆಯ ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಆ ವರ್ಷದ ವರದಿ ಪಡೆದವರಿಗೆಲ್ಲ ತಾವೇ ಕರೆ ಮಾಡಿ, ಬೈದವರ ಮಾತನ್ನೂ ಪೂರ್ತಿ ಕೇಳಿದರು. ಗೋಡೆ ಒಡೆಯಿತು, ಕೊಳವೆ ಬದಲಾಯಿತು, ಹೊಸ ಪಾಪು ಬಂತು. ಫಲಕ ಮತ್ತೆ ಗೇಟಿಗೇರಲು ಬಹಳ ಕಾಲ ಹಿಡಿಯಿತು. ಅಂದಿನಿಂದ ಇಂದಿನವರೆಗೆ ನಮ್ಮಲ್ಲಿ ದಿನದ ಮೊದಲ ಕೆಲಸ ಪಾಪುವನ್ನು ಕತ್ತಲೆ ಕೋಣೆಗೆ ಒಯ್ಯುವುದು. ಹೊಸಬರು ಹೊರಬಂದು ಏನೂ ಕಾಣಲಿಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡರೆ, ಮೇಡಂ ಅವರ ಮುಖ ಅರಳುತ್ತದೆ.

ಆ ಕೊಟ್ಟಿಗೆಯ ಕರುಗಳಲ್ಲಿ ಬದುಕಿದ್ದು ಒಂದೇ. ಅದೀಗ ಕರು ಹಾಕಿದ ಹಸು, ಆರೋಗ್ಯವಾಗಿದೆ. ಆದರೂ ಬಿಸಿಲು ಇಳಿಯುವ ಹೊತ್ತಿಗೆ ಗೋಡೆಯ ಹತ್ತಿರ ಹೋಗಿ ಹಣೆ ಒತ್ತಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ವೈದ್ಯರಿಗೆ ಕಾರಣ ಸಿಕ್ಕಿಲ್ಲ. ಮೇಡಂ ಆಗಾಗ ಅದನ್ನು ನೋಡಲು ಹೋಗುತ್ತಾರೆ. ಕಳೆದ ವಾರ ಒಡತಿ ಹುಲ್ಲು ತರಲು ಹೋಗಿ ಬಂದಾಗ, ಹಸುವಿನ ಪಕ್ಕದಲ್ಲಿ ಮೇಡಂ ಅವರೂ ಗೋಡೆಗೆ ಹಣೆ ಹಚ್ಚಿ ನಿಂತಿದ್ದರಂತೆ.

"ಏನು ಕೇಳ್ಸುತ್ತೆ ಅಕ್ಕ?" ಎಂದಳಂತೆ ಒಡತಿ.

"ಸದ್ಯ, ಏನೂ ಇಲ್ಲ," ಎಂದರಂತೆ ಮೇಡಂ, ಹಸುವಿನ ಬೆನ್ನು ಸವರುತ್ತ.

ನಿವೃತ್ತರಾಗುವವರ ಬಾಳಲ್ಲಿ ಬೆಳಕು ತುಂಬಲಿ ಎಂದು ಹಾರೈಸುವುದು ವಾಡಿಕೆ. ನಮ್ಮ ಮೇಡಂ ಅವರಿಗೆ ನಾವು ಬೇರೊಂದನ್ನು ಹಾರೈಸುತ್ತೇವೆ. ಅವರು ದೀರ್ಘಕಾಲ ಆರೋಗ್ಯವಾಗಿರಲಿ; ಮೊಮ್ಮಕ್ಕಳ ಹಾಲಿನ ಲೋಟವನ್ನು ಅವರ ಕೈ ಕಸಿಯುವಂತಾಗದಿರಲಿ; ಮನಸ್ಸು ಬಂದಾಗ ಮೆಟ್ಟಿಲ ಹಿಂದಿನ ಆ ಕೋಣೆಗೆ ಬಂದು, ನಮ್ಮ ಹುಡುಗಿಯರ ಪಕ್ಕದಲ್ಲಿ ಕುಳಿತು, ಕಣ್ಣು ಹೊಂದಿಕೊಳ್ಳುವವರೆಗೆ ಕಾಯಲಿ. ಬಂದಾಗಲೆಲ್ಲ ಅವರ ಎದುರಿನ ಹಲಗೆ ಕಪ್ಪಾಗಿಯೇ ಇರಲಿ.