ಕೆಂಪು ಬೊಟ್ಟು ಅಳಿಸಿದ ವಾರ

ಹೋದ ವಾರ ಮನೆಯ ಯುಪಿಎಸ್ ಸರಿಮಾಡಲು ಬಂದಿದ್ದ ಎಲೆಕ್ಟ್ರಿಷಿಯನ್ ತಂತಿಗೆ ಬೆಸುಗೆ ಹಾಕಿದ. ಕಾದ ರಾಳದ ಹೊಗೆ ಅಡುಗೆಮನೆಯವರೆಗೂ ಬಂತು. ಸಾರು ಕದಡುತ್ತಿದ್ದ ನನ್ನ ಕೈ ಹಾಗೇ ನಿಂತಿತು. ನನ್ನ ಮಟ್ಟಿಗೆ ಆ ವಾಸನೆಗೆ ಒಂದೇ ವಿಳಾಸ. ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆ, ಅದರ ಮುಂದಿನ ಕೋಣೆಯಲ್ಲಿದ್ದ ರೇಡಿಯೋ ರಿಪೇರಿ ಅಂಗಡಿ...

ನಾನು ಆಗ ಅಲ್ಲಿ ನರ್ಸ್ ಆಗಿದ್ದೆ. ನಿವೃತ್ತಿಯಾದ ಮೇಲೆ ಚಾಮರಾಜನಗರಕ್ಕೆ ಬಂದೆ. ಆ ಅಂಗಡಿಯವರನ್ನು ಊರೆಲ್ಲ ರೇಡಿಯೋ ಸಾಬರು ಎಂದೇ ಕರೆಯುತ್ತಿತ್ತು. ಬೆಳಗಿನ ನಮಾಜು ಮುಗಿಸಿ ಅವರು ಅಂಗಡಿಯ ಬಾಗಿಲು ತೆಗೆಯುವುದೂ ನಾನು ಬಾಗಿಲಿಗೆ ನೀರು ಹಾಕುವುದೂ ಒಂದೇ ಹೊತ್ತಿಗೆ. ಹನ್ನೆರಡು ವರ್ಷದಲ್ಲಿ ಇಬ್ಬರಲ್ಲಿ ಯಾರೂ ತಡ ಮಾಡಿದ್ದು ನೆನಪಿಲ್ಲ.

ಅವರದೊಂದು ಪದ್ಧತಿ ಇತ್ತು. ರಿಪೇರಿ ಮುಗಿದ ಮೇಲೆ ಸೆಟ್ಟಿನ ಮುಳ್ಳನ್ನು ಜನ ಹೆಚ್ಚು ಕೇಳುವ ಕೇಂದ್ರಕ್ಕೆ ತಿರುಗಿಸಿ, ಅಲ್ಲಿ ಗಾಜಿನ ಮೇಲೆ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕಿ ಇಡುತ್ತಿದ್ದರು. ಓದು ಬಾರದವರೂ ಮುಳ್ಳನ್ನು ಚುಕ್ಕಿಗೆ ಕೂಡಿಸಿದರೆ ಸಾಕಾಗಿತ್ತು. ಜನ ಅದನ್ನು ಸಾಬರ ಬೊಟ್ಟು ಎನ್ನುತ್ತಿದ್ದರು. ಬೊಟ್ಟು ಇಟ್ಟ ಸೆಟ್ಟು ಸರಿಯಾಗಿದೆ ಎಂದರೆ ಸರಿಯಾಗಿದೆ, ಅದರ ಮೇಲೆ ಮಾತಿಲ್ಲ.

ನಾನು ಕಂಡ ಕಾಲಕ್ಕೆ ಆ ಬೊಟ್ಟು ಮೈಸೂರಿನ ಒಂದು ಎಫ್.ಎಂ. ಕೇಂದ್ರದ ಮೇಲಿತ್ತು. ಬೆಳಗ್ಗೆ ಆರಕ್ಕೆ ಹಳೆಯ ಕನ್ನಡ ಹಾಡು, ನಡುನಡುವೆ ತರಕಾರಿ ಧಾರಣೆ. ಹೇಳುತ್ತಿದ್ದ ಹೆಣ್ಣುಮಗಳು ಪಕ್ಕದಲ್ಲಿ ಕೂತು ಮಾತನಾಡಿದಷ್ಟು ನಿಧಾನವಾಗಿ ಹೇಳುತ್ತಿದ್ದಳು. ಅವಳ ಧಾರಣೆ ಕೇಳಿಕೊಂಡೇ ಎಷ್ಟೋ ಜನ ಕೋಸು, ಟೊಮೇಟೊ ಲಾರಿಗೆ ಹಾಕುತ್ತಿದ್ದರು.

ಒಂದು ಸೋಮವಾರ ಆರಕ್ಕೆ ರೇಡಿಯೋ ಹಾಕಿದೆ. ಡಬಡಬ ಸದ್ದು. ಯಾವನೋ ಹುಡುಗ ಉಸಿರು ಬಿಡದೆ, ಅರ್ಧ ಇಂಗ್ಲಿಷಿನಲ್ಲಿ, ತನ್ನ ಮಾತಿಗೆ ತಾನೇ ನಗುತ್ತಿದ್ದ. ಮುಳ್ಳು ನೋಡಿದೆ, ಬೊಟ್ಟಿನ ಮೇಲೇ ಇತ್ತು. ಸೆಟ್ಟು ಕೆಟ್ಟಿದೆ ಎಂದುಕೊಂಡೆ. ಓದಿದವಳಾದ ನಾನೂ ಹಾಗೇ ಎಂದುಕೊಂಡೆ! ಹೊರಗೆ ಬಂದರೆ ಸಾಬರ ಅಂಗಡಿಯ ಮುಂದೆ ಆಗಲೇ ಐದಾರು ಜನ, ಎಲ್ಲರ ಕಂಕುಳಲ್ಲೂ ಒಂದೊಂದು ರೇಡಿಯೋ.

"ಏನ್ ಮಾಡ್ಬುಟ್ರಿ ಸಾಬ್ರೇ? ರಿಪೇರಿ ಮಾಡಿ ವಾರ ಆಗ್ನಿಲ್ಲ, ಒಳಗೆ ಯಾವನೋ ಕುಂತ್ಕಂಡು ಅರಚ್ತಾವ್ನೆ!" ಎಂದಳು ಮಂಡಿಯಲ್ಲಿ ಈರುಳ್ಳಿ ಆರಿಸುವ ಹೆಂಗಸು.

"ನಂದ್ರಲ್ಲಿ ಧಾರಣೆನೇ ಬರ್ನಿಲ್ಲ. ನಿಮ್ ಬೊಟ್ಟೇನಾದ್ರೂ ಜಾರೋಗದಾ ನೋಡಿ," ಎಂದ ಕೋಸು ಬೆಳೆಯುವವನೊಬ್ಬ.

"ಜಾರೋಗಕ್ಕೆ ಅದೇನು ನಿನ್ ಪಂಚೆ ಏನ್ಲಾ?" ಎಂದರು ಸಾಬರು.

ಎಲ್ಲರೂ ನಕ್ಕರು. ಸಾಬರೂ ನಗುತ್ತಲೇ ಮೊದಲ ಸೆಟ್ಟು ಬಿಚ್ಚಿದರು. ಎರಡನೆಯದಕ್ಕೆ ಕಂಡೆನ್ಸರ್ ಬದಲಾಯಿಸಿದರು. ನಾಲ್ಕನೆಯದು ಬಿಚ್ಚುವ ಹೊತ್ತಿಗೆ ನಗು ನಿಂತಿತ್ತು. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದಾಗ ಮೇಜಿನ ಮೇಲೆ ಹನ್ನೊಂದು ಸೆಟ್ಟುಗಳು ಹೊಟ್ಟೆ ತೆರೆದುಕೊಂಡು ಬಿದ್ದಿದ್ದವು.

"ಸಿಸ್ಟರಮ್ಮ, ಎಲ್ಲಾ ನೆಟ್ಟಗವೆ. ಕೆಟ್ಟಿರೋದು ಮೈಸೂರಲ್ಲಿ."

ಮರುದಿನದ ಪೇಪರಿನಲ್ಲಿ ಸುದ್ದಿ ಇತ್ತು, ಓದಿ ಹೇಳಿದೆ. ನಗರದಲ್ಲಿ ಹೊಸ ಕೇಂದ್ರಗಳು ಬಂದು ಪೈಪೋಟಿ ಹೆಚ್ಚಿತ್ತು. ಅವುಗಳ ಎದುರು ನಿಲ್ಲಲು ಹಳೆಯದೂ ತನ್ನ ಧಾಟಿಯನ್ನು ಪೂರ್ತಿ ಬದಲಾಯಿಸಿತ್ತು. ಆದರೆ ಊರು ನಂಬಲಿಲ್ಲ. ಒಂದು ಸ್ಟೇಷನ್ ರಾತ್ರೋರಾತ್ರಿ ಬೇರೆಯಾಗುವುದುಂಟೇ? ಸಾಬರಿಗೆ ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ ಎಂಬ ಮಾತು ಟೀ ಅಂಗಡಿಯಲ್ಲಿ ಹುಟ್ಟಿ ಬೀದಿಗೆ ಬಂತು. ಮೂವತ್ತು ವರ್ಷ ಕೈಗುಣದ ಮೇಲೆ ಬದುಕಿದ ಮನುಷ್ಯ. ಎರಡು ದಿನ ಆ ಮಾತು ಕೇಳಿಸಿಕೊಂಡರು. ಮೂರನೆಯ ದಿನ ನಮ್ಮ ಮನೆಗೆ ತಾವೇ ಬಂದರು.

"ನಾಳೆ ನಿಮ್ಗೆ ರಜಾ ಅಲ್ವಾ? ಮೈಸೂರಿಗೆ ಹೋಗನ. ಇಂಗ್ಲಿಷ್ ಬಂದ್ರೆ ನೀವು ನೋಡ್ಕಳಿ."

ಮೊದಲ ಬಸ್ಸಿಗೆ ಹೊರಟೆವು. ಟವೆಲಿನಲ್ಲಿ ಸುತ್ತಿದ ಒಂದು ಸೆಟ್ಟು ಅವರ ತೊಡೆಯ ಮೇಲಿತ್ತು. ಕೇಂದ್ರದ ಕಚೇರಿಯಲ್ಲಿ ನಮ್ಮನ್ನು ಗಾಜಿನ ಕೋಣೆಯೊಂದರಲ್ಲಿ ಕೂರಿಸಿದರು. ಬಂದ ಮ್ಯಾನೇಜರ್ ಸಣ್ಣ ವಯಸ್ಸಿನವನು, ಮರ್ಯಾದಸ್ಥ, ನೀರು ತರಿಸಿಕೊಟ್ಟ. ಸಾಬರು ಸೆಟ್ಟನ್ನು ಅವನ ಮುಂದಿಟ್ಟು ಬೊಟ್ಟು ತೋರಿಸಿದರು.

"ಇದು ಸರಿಯಾಗದೆ. ನಿಮ್ದು ರಿಪೇರಿ ಮಾಡಿ."

"ಸರ್, ನಾಲ್ಕು ಸ್ಟೇಷನ್ ಫೈಟ್ ಮಾಡ್ತಿದೀವಿ. ಸಿಟಿ ಹುಡುಗ್ರಿಗೆ ಏನು ಬೇಕೋ ಅದನ್ನೇ ಹಾಕ್ಬೇಕು. ಗುಂಡ್ಲುಪೇಟೆ ನಮ್ಮ ಲೆಕ್ಕಕ್ಕೇ ಬರಲ್ಲ."

"ನಾಕ್ರಲ್ಲೂ ಒಂದೇ ಹಾಡು ಬತ್ತದಲ್ಲಪ್ಪ, ಮತ್ತೆ ಫೈಟ್ ಯಾಕೆ?"

ಹುಡುಗ ನಕ್ಕುಬಿಟ್ಟ. ಸಾಬರು ಬೇಡಿದ್ದು ಒಂದೇ. ಹಾಡು ಬದಲಾಯಿಸಿದ್ದು ಕೇಂದ್ರವೇ, ಸೆಟ್ಟುಗಳಲ್ಲಿ ದೋಷವಿಲ್ಲ ಎಂದು ಒಂದು ಕಾಗದ ಬರೆದುಕೊಡಿ, ಅಂಗಡಿಯಲ್ಲಿ ಅಂಟಿಸುತ್ತೇನೆ ಎಂದರು. ಅಂಥದ್ದನ್ನು ಬರೆದುಕೊಡುವ ಪದ್ಧತಿ ಇಲ್ಲ ಎಂದ ಅವನು. ನಾನು ಮಧ್ಯೆ ಬಾಯಿ ಹಾಕಿ, ನಾವು ಮಾತ್ರೆ ಬದಲಾಯಿಸಿದರೂ ಕೇಸ್ ಶೀಟಿನಲ್ಲಿ ಬರೆಯುತ್ತೇವೆ, ಇಷ್ಟು ಜನರ ಬೆಳಗನ್ನೇ ಬದಲಾಯಿಸಿದವರು ಒಂದು ಸಾಲು ಬರೆಯಲಾರಿರಾ ಎಂದೆ. ಅದೂ ನಡೆಯಲಿಲ್ಲ.

ಸಾಬರು ಜೇಬಿನಿಂದ ಥಿನ್ನರಿನ ಸಣ್ಣ ಸೀಸೆ ತೆಗೆದರು. ಬಟ್ಟೆಗೆ ಎರಡು ಹನಿ ಹಾಕಿಕೊಂಡು, ಅವನ ಮೇಜಿನ ಮೇಲೇ, ಅವನ ಕಣ್ಣೆದುರಿಗೇ ಬೊಟ್ಟನ್ನು ಉಜ್ಜಿ ತೆಗೆದರು. ಗಾಜು ಬೆಳಕಿಗೆ ಹಿಡಿದು ನೋಡಿ, ಸೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಎದ್ದರು.

ಬಸ್ಸಿನಲ್ಲಿ ಕೇಳಿದೆ, "ಸೀಸೆ ಮೊದಲೇ ತಂದಿದ್ರಾ?"

"ರಿಪೇರಿಗೆ ಹೋಗೋನು ಸಾಮಾನಿಲ್ದೆ ಹೋದಾನಾ, ಸಿಸ್ಟರಮ್ಮ?"

ಆಮೇಲಿನ ಒಂದು ವಾರ ಅವರು ಅಂಗಡಿ ತೆರೆಯಲಿಲ್ಲ. ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಹಳೆಯ ಬೊಟ್ಟು ಅಳಿಸಿ, ಧಾರಣೆ ಹೇಳುವ ಸರ್ಕಾರಿ ಕೇಂದ್ರದ ಮೇಲೆ ಹೊಸದು ಇಟ್ಟರು. ಆ ಕೇಂದ್ರ ನಮ್ಮಲ್ಲಿಗೆ ಗೊರಗೊರ ಎಂದು ಬರುತ್ತಿತ್ತು. ಅದಕ್ಕೆ ಅರವತ್ತು ದಾಟಿದ ಆ ಮನುಷ್ಯ ಸೂರು ಹತ್ತಿ, ಬೇವಿನ ಮರ ಹತ್ತಿ ತಾಮ್ರದ ತಂತಿ ಕಟ್ಟಿದರು. ಏಣಿ ಹಿಡಿದು ನಿಂತ ನಾನು ಸಾಕು ಇಳಿಯಿರಿ ಎಂದು ಗದರಿದರೂ ಕೇಳಲಿಲ್ಲ. ಅದೇ ಸೆಟ್ಟಿನಲ್ಲಿ ಗಂಟೆ ಹೊಡೆದಂಥ ದನಿ ಕೇಳಿದಾಗ ಊರಿಗೆ ಗೊತ್ತಾಯಿತು, ಕೆಟ್ಟಿದ್ದು ಏನು ಎಂದು.

"ಅವತ್ತು ಸುಮ್ಕೆ ಬೈದ್ಬುಟ್ಟೆ ಕಣಣ್ಣ," ಎಂದಳು ಈರುಳ್ಳಿಯ ಹೆಂಗಸು.

"ನೀನು ಬೈದಿದ್ದಕ್ಕೇ ಮೈಸೂರು ನೋಡ್ದೆ, ಬುಡವ್ವ."

ಹೊಸ ಹಾಡೇ ಚೆನ್ನ ಎಂದ ಹುಡುಗರೂ ಇದ್ದರು. ಅವರ ಸೆಟ್ಟನ್ನೂ ರಿಪೇರಿ ಮಾಡಿಕೊಟ್ಟರು, ಬೊಟ್ಟು ಮಾತ್ರ ಇಡಲಿಲ್ಲ. "ಗುಂಡಿ ನಿನ್ ಕೈಲೇ ಅದೆಯಲ್ಲ, ತಿರುಗುಸ್ಕೊ," ಎನ್ನುತ್ತಿದ್ದರು. ಮೈಸೂರಿನ ಆ ಕೇಂದ್ರ ಮುಂದೆ ಇನ್ನೆರಡು ಸಲ ಧಾಟಿ ಬದಲಾಯಿಸಿತು. ಸಾಬರು ಒಮ್ಮೆಯೂ ಮುಳ್ಳನ್ನು ಆ ಕಡೆಗೆ ಒಯ್ಯಲಿಲ್ಲ.

ನಾನು ಊರು ಬಿಟ್ಟ ಎರಡನೆಯ ವರ್ಷ ಅವರು ಹೋದರು. ಸುದ್ದಿ ತಿಳಿದಾಗ ಮಣ್ಣು ಮಾಡಿ ತಿಂಗಳಾಗಿತ್ತು...

ಈಗ ನಾನು ಕೇಳುವ ಮೈಸೂರಿನ ಸರ್ಕಾರಿ ಕೇಂದ್ರವೂ ಬೆಳಗಿನ ಕಾರ್ಯಕ್ರಮ ನಿಲ್ಲಿಸಿದೆ. ಬೆಂಗಳೂರಿನಿಂದ ಬಂದದ್ದನ್ನೇ ದಾಟಿಸುತ್ತದೆ. ಎರಡು ಸಲ ಪತ್ರ ಬರೆದೆ, ಉತ್ತರವಿಲ್ಲ. ಮೊನ್ನೆ ಎದುರುಮನೆಯ ಅಜ್ಜಿ, "ಈಚೀಚ್ಗೆ ರೇಡ್ಯಾದಲ್ಲಿ ಒಂದೂ ತಿಳಿಯಕಿಲ್ಲ ಕಣಮ್ಮಿ. ನನ್ ಕಿವಿನೇ ಮಂದ ಆಗೋಗದೆ," ಎಂದರು. ನಿಮ್ಮ ಕಿವಿ ಸರಿಯಾಗಿದೆ ಎಂದೆ. ಅವರು ನಂಬಲಿಲ್ಲ. ಬಿಚ್ಚಿ ತೋರಿಸಿ ನಂಬಿಸುವ ಕೈ ನನ್ನದಲ್ಲ. ಆ ಕೈ ಈಗ ಎಲ್ಲೂ ಇಲ್ಲ.

ಸೋಮವಾರ ಮೊದಲ ಬಸ್ಸಿಗೆ ಮೈಸೂರಿಗೆ ಹೋಗುತ್ತಿದ್ದೇನೆ. ಒಬ್ಬಳೇ. ಈ ಸಲ ಆ ಒಂದು ಸಾಲು ಬರೆಸಿಕೊಂಡೇ ಬರುತ್ತೇನೆ.