ನೋರಾ ಪಬ್ಬಿನ ಹಿಂದಿನ ಮೆಟ್ಟಿಲು

ಐರ್ಲೆಂಡಿನ ಕಡಲ ದಂಡೆಯಲ್ಲಿ ಗೋರ್ಸ್ ಅನ್ನುವ ಒಂದು ಮುಳ್ಳುಪೊದೆ ಬೆಳೆಯುತ್ತದೆ. ಚಳಿ ಮುಗಿಯುವಾಗ ಮೈತುಂಬ ಹಳದಿ ಹೂ ಬಿಟ್ಟು, ಬಿಸಿಲು ತಾಗಿದೊಡನೆ ಥೇಟ್ ತೆಂಗಿನಕಾಯಿಯ ವಾಸನೆ ಬೀರುತ್ತದೆ. ನಂಬದಿದ್ದರೆ ಬಂದು ಮೂಸಿ ನೋಡಿ. ಮೊದಲ ಸಲ ಅದು ಮೂಗಿಗೆ ಬಡಿದಾಗ ಅಮ್ಮ ದಾರಿ ಮಧ್ಯದಲ್ಲೇ ನಿಂತು, "ಯಾರೇ ಇದು, ಇಲ್ಲಿ ಕಾಯಿ ತುರೀತಿರೋದು?" ಎಂದು ಸುತ್ತ ನೋಡಿದ್ದಳು. ಸುತ್ತ ಮನೆಯೇ ಇರಲಿಲ್ಲ; ಒಂದು ಕಡೆ ಬಂಡೆ, ಇನ್ನೊಂದು ಕಡೆ ಕುರಿ. ಆಗ ಎಷ್ಟು ನಕ್ಕಿದ್ದೆವು! ಈಗ ಆ ವಾಸನೆ ಬಂದರೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಕೊರೋನಾದ ಮೊದಲ ವರ್ಷ ಊಟದ ಕ್ಯಾರಿಯರ್ ಹಿಡಿದು ಅಪ್ಪನನ್ನು ನೋಡಲು ನಾನೂ ಅಮ್ಮನೂ ದಿನಾ ನಡೆದುಹೋಗುತ್ತಿದ್ದ ದಾರಿಯ ತುಂಬ ಅದೇ ವಾಸನೆಯಿತ್ತು.

ಮೈಸೂರಿನಲ್ಲಿ ಓದಿ ಬಂದ ಅಪ್ಪ ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಅಮ್ಮನಿಗೆ ಚಿಕ್ಕಂದಿನಿಂದ ಉಬ್ಬಸ. ವಾರ್ಡಿನಿಂದ ಸೋಂಕು ತಂದು ಇವಳಿಗೆ ಅಂಟಿಸಿಬಿಟ್ಟರೆ ಎಂಬ ಹೆದರಿಕೆಗೆ ಅಪ್ಪ ಮನೆ ಬಿಟ್ಟು ಪಕ್ಕದ ಹಳ್ಳಿಗೆ ಹೋದರು. ಅಲ್ಲಿ ನೋರಾ ಅನ್ನುವ ವಯಸ್ಸಾದ ವಿಧವೆಯ ಪಬ್ ಇತ್ತು. ಎಲ್ಲ ಪಬ್‌ಗಳ ಹಾಗೆ ಅದಕ್ಕೂ ಬೀಗ ಬಿದ್ದಿತ್ತು. ಮಗಳು ಆಸ್ಟ್ರೇಲಿಯಾದಲ್ಲಿ, ಇವರು ಕೆಳಗೆ ಒಬ್ಬರೇ. "ಮೇಲಿನ ರೂಮ್ ಖಾಲಿ ಬಿದ್ದಿದೆ. ಹಿಂದಿನ ಮೆಟ್ಟಿಲಿಂದ ಹತ್ತು, ಇಳಿ. ನಿನ್ನ ಮುಖ ನಾನು ನೋಡಲ್ಲ, ನನ್ನದು ನೀನು ನೋಡಬೇಡ. ಗ್ರ್ಯಾಂಡ್!" ಎಂದಿದ್ದರಂತೆ; ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಅಂದರೆ 'ಎಲ್ಲ ಸರಿ' ಅಂತ. ಊರಿಗೆಲ್ಲ ಅವರು ಬರೀ ನೋರಾ. ಅಷ್ಟು ದೊಡ್ಡವರನ್ನು ಹೆಸರು ಹಿಡಿದು ಕೂಗಲು ಬಾಯಿ ಬಾರದ ನಮ್ಮಮ್ಮನಿಗೆ ಮಾತ್ರ ನೋರಾ ಆಂಟಿ.

ಫೋನಿತ್ತಲ್ಲ, ದಿನಾ ಯಾಕೆ ನಡೆಯಬೇಕಿತ್ತು ಅಂತೀರಾ? ನಾನೂ ಹದಿಮೂರರ ಉರಿಮುಖದಲ್ಲಿ ಹಾಗೇ ಕೇಳಿದ್ದೆ. "ಫೋನಲ್ಲಿ ಎಲ್ಲರೂ ಚೆನ್ನಾಗೇ ಇರ್ತಾರೆ ಕಣೇ. ಮುಖ ನೋಡ್ಬೇಕು" ಅಂದಳು ಅಮ್ಮ. ಹಾಗಾಗಿ ನಡೆದೆವು. ನಮ್ಮೂರಿನ ಪಬ್ಬಿನ ಗಾಜಿನೊಳಗೆ ಮೇಜಿನ ಮೇಲೆ ಬೋರಲಾಗಿಟ್ಟ ಕುರ್ಚಿಗಳ ಕಾಲು ಕಾಣುತ್ತಿದ್ದವು. ಬಂಡೆಯಂಚಿನ ಕಾಲುದಾರಿ ಹಿಡಿದರೆ ಅರ್ಧದಲ್ಲಿ ಸೂರು ಹೋದ ಹಳೇ ಚರ್ಚು, ಅದರ ಸುತ್ತ ಸಮುದ್ರದ ಕಡೆಗೆ ವಾಲಿದ ಸಮಾಧಿಕಲ್ಲುಗಳು. ಅಲ್ಲಿ ಬಂದಾಗ ಅಮ್ಮ ಕ್ಯಾರಿಯರಿಗೆ ದುಪಟ್ಟಾ ಮುಚ್ಚಿ ಸರಸರ ನಡೆಯುತ್ತಿದ್ದಳು; ಅನ್ನದ ಮೇಲೊಂದು ಒಣಮೆಣಸಿನಕಾಯಿ ಮೊದಲೇ ಇಟ್ಟಿರುತ್ತಿದ್ದಳು, ಯಾವ ಕಣ್ಣೂ ಬೀಳದಿರಲಿ ಎಂದು. ಎದುರಿಗೆ ಯಾರಾದರೂ ಬಂದರೆ ಪೊದೆಗೆ ಒರಗಿ ದಾರಿ ಬಿಟ್ಟು, ಉಸಿರು ಹಿಡಿದು, ತಲೆಯಾಡಿಸಿ ಹೋಗುತ್ತಿದ್ದರು. ಪಬ್ ತಲುಪಿ ಕ್ಯಾರಿಯರನ್ನು ಹಿಂದಿನ ಮೆಟ್ಟಿಲ ಮೇಲಿಟ್ಟು, ಸೋಂಕು ಸಾಯಲೆಂದು ಅಪ್ಪ ರಾತ್ರಿಯೇ ಹೊರಗಿಟ್ಟಿರುತ್ತಿದ್ದ ನಿನ್ನೆಯ ಖಾಲಿ ಕ್ಯಾರಿಯರ್ ತೆಗೆದುಕೊಂಡು, ರಸ್ತೆಯಾಚೆ ನಿಂತು ಮೇಲಿನ ಕಿಟಕಿ ನೋಡುತ್ತಿದ್ದೆವು. ಅಪ್ಪ ಬಂದು ಕೈಯಾಡಿಸುತ್ತಿದ್ದರು. ಅಮ್ಮ ಅವರ ಮುಖವನ್ನು ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ನೋಡಿ, ಸಮಾಧಾನವಾದ ಮೇಲೆ ಹೊರಡುತ್ತಿದ್ದಳು.

ಖಾಲಿ ಕ್ಯಾರಿಯರಿನಲ್ಲಿ ಅಪ್ಪ ತಪ್ಪದೆ ಆಸ್ಪತ್ರೆ ಕ್ಯಾಂಟೀನಿನ ಸಕ್ಕರೆ ಪೊಟ್ಟಣ ಹಾಕಿರುತ್ತಿದ್ದರು. ಅಮ್ಮ ಅದನ್ನು ಬಿಚ್ಚಿ ನೋಡುವುದನ್ನು ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ನೋರಾ ಆಂಟಿ ಒಂದು ದಿನ ಕಂಡು, ಏನದು ಎಂದು ಕೇಳಿದರು. ಅಮ್ಮ ಖುಷಿಯಾಗಿ ರಸ್ತೆಯಾಚೆಯಿಂದಲೇ ಕೂಗಿ ಹೇಳಿದಳು: ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ವಾಪಸ್ ಕಳಿಸಬಾರದು, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಬೇಕು. "ಅಬ್ಬಾ, ಎಂಥ ಒಳ್ಳೇ ಪದ್ಧತಿ!" ಅಂದರು ನೋರಾ ಆಂಟಿ. ಮರುದಿನದಿಂದ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಅವರೇ ಮಾಡಿದ ಕಂದು ಬ್ರೆಡ್ಡಿನ ದಪ್ಪ ತುಂಡುಗಳು, ಬೆಣ್ಣೆ ಸಮೇತ. ಅಪ್ಪನೂ ಅವರೂ ಮಾತಾಡಿಕೊಂಡಿದ್ದಾರೆ ಎಂದೇ ಅಮ್ಮ ತಿಳಿದಳು. ಸಂಜೆ ಟೀ ಜೊತೆ ತಿನ್ನುತ್ತಿದ್ದೆವು, ಬಹಳ ರುಚಿಯಾಗಿತ್ತು.

ಒಂದು ಮಧ್ಯಾಹ್ನ ಕಿಟಕಿಗೆ ಯಾರೂ ಬರಲಿಲ್ಲ. ನೋರಾ ಆಂಟಿ ಬಾಗಿಲಿಂದ, "ಬೆಳಗ್ಗೆಯಿಂದ ಮೇಲೆ ಕೆಮ್ಮು ಕೇಳಿಸ್ತಿದೆ" ಅಂದರು. ಅಮ್ಮ ರಸ್ತೆಬದಿಯ ಗೋಡೆಯ ಮೇಲೆ ಕುಸಿದು ಕೂತು ಫೋನ್ ಹಚ್ಚಿದಳು. ಅಪ್ಪ ಎತ್ತಿದರು, ಸೋಂಕು ತಗುಲಿತ್ತು, ಊಟ ಸೇರುತ್ತಿರಲಿಲ್ಲ.

"ಅನ್ನ ಬೇಡಾಂದ್ರೆ ಬ್ರೆಡ್ಡಾದ್ರೂ ತಿನ್ರೀ. ನೋರಾ ಆಂಟಿ ದಿನಾ ನಮ್ಮ ಕ್ಯಾರಿಯರಲ್ಲಿ ಇಡ್ತಾರಲ್ಲ, ಅದೇ."

"ಯಾವ ಬ್ರೆಡ್ಡು?" ಅಂದರು ಅಪ್ಪ. ಆಮೇಲೆ ಕೆಮ್ಮು. ಆಮೇಲೆ, ನಾನು ಹುಟ್ಟಿದಾಗಿನಿಂದ ಕೇಳದ ಒಂದು ದನಿ: "ಅಯ್ಯೋ, ನಾನು ತಿಂದಿಟ್ಟ ಡಬ್ಬೀನ ಅವರು ಮುಟ್ತಿದ್ರಾ?"

ಅಮ್ಮ ತಲೆಯೆತ್ತಿ ನೋರಾ ಆಂಟಿಯನ್ನು ನೋಡಿದಳು. ಅವರು ಬಿಸಿಲಿಗೆ ಮುಖ ಕೊಟ್ಟು, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಅಮ್ಮ ಎದ್ದು ಎಲ್ಲ ಹೇಳಿದಳು. ಕೈ ತೊಳೆಯಿರಿ, ಒಳಗೆ ಹೋಗಿ, ಇನ್ನು ಏನನ್ನೂ ಮುಟ್ಟಬೇಡಿ ಎಂದು ಬೇಡಿಕೊಂಡಳು. ಅವರು ನಕ್ಕು, "ನನಗೇನಾಗುತ್ತೆ, ನಾನು ಗ್ರ್ಯಾಂಡ್" ಅಂದರು. ಅವತ್ತಿನಿಂದ ಅಮ್ಮನ ಕಣ್ಣು ಎರಡೂ ಕಡೆ: ಮೇಲೆ ಕಿಟಕಿ, ಕೆಳಗೆ ಬಾಗಿಲು. ಅಪ್ಪ ಮತ್ತೆ ಕಿಟಕಿಗೆ ಬಂದು ನಿಂತ ದಿನ ಬಾಗಿಲು ಮುಚ್ಚಿತ್ತು, ಕುರ್ಚಿ ಇರಲಿಲ್ಲ. ಹಿಂದಿನ ಸಂಜೆ ಆಂಬುಲೆನ್ಸ್ ಬಂದಿತ್ತು. ಅಮ್ಮ ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಯಾವುದೂ ಫಲಿಸಲಿಲ್ಲ.

ಈ ಸೀಮೆಯಲ್ಲಿ ಶವದ ಕಾರು ಚರ್ಚಿಗೆ ಹೋಗುವಾಗ ಸತ್ತವರ ಮನೆ ಮುಂದೆ ಒಂದು ಗಳಿಗೆ ನಿಲ್ಲುತ್ತದೆ. ಯಾರೂ ಸೇರುವಂತಿರಲಿಲ್ಲವಾದ್ದರಿಂದ ಊರಿಗೆ ಊರೇ ತಂತಮ್ಮ ಬಾಗಿಲಲ್ಲಿ ನಿಂತಿತ್ತು. ಕಾರು ಪಬ್ಬಿನ ಮುಂದೆ ನಿಂತಿತು. ಆ ಮನೆಯಲ್ಲಿ ಆಗ ಇದ್ದದ್ದು ಅಪ್ಪ ಒಬ್ಬರೇ. ಸೊರಗಿ ಗುರುತೇ ಸಿಗದಂತಾಗಿದ್ದ ಅವರು ಕಿಟಕಿಯಲ್ಲಿ ಕೈಮುಗಿದು ನಿಂತಿದ್ದರು. ರಸ್ತೆಯಾಚೆ ಅಮ್ಮ ಕಾರನ್ನು ನೋಡಲಾರದೆ ನನ್ನ ಭುಜಕ್ಕೆ ಮುಖ ಒತ್ತಿದಳು.

ಅಪ್ಪ ಮನೆಗೆ ಬಂದ ಮೇಲೆ ಆಸ್ಟ್ರೇಲಿಯಾದಿಂದ ನೋರಾ ಆಂಟಿಯ ಮಗಳ ಫೋನ್ ಬಂತು. ತನ್ನ ತಾಯಿ ಹೊರಗೇ ಹೋಗುತ್ತಿರಲಿಲ್ಲ, ಅಂಗಡಿಯವರು ಸಾಮಾನು ಬಾಗಿಲಲ್ಲಿಟ್ಟು ಹೋಗುತ್ತಿದ್ದರು, ಹೇಗೆ ತಗುಲಿತು ಎಂದು ನಿಮಗೇನಾದರೂ ಗೊತ್ತೇ ಎಂದು ಕೇಳಿದಳು. ಅಪ್ಪ ಬೇಡ ಎಂದು ಕೈಸನ್ನೆ ಮಾಡಿದರು. ಗಾಳಿಯಿಂದಲೋ, ಕೈಯಿಂದಲೋ, ಯಾರಿಗೂ ಖಚಿತವಿರಲಿಲ್ಲ ನಿಜ. ಅಮ್ಮ ಎಲ್ಲವನ್ನೂ ಹೇಳಿಬಿಟ್ಟಳು. "ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದು ಆ ಮಗಳು ಫೋನಿಟ್ಟಳು. "ಬೈದಿದ್ರೆ ಚೆನ್ನಾಗಿತ್ತು ಕಣೇ" ಅಂದಳು ಅಮ್ಮ. ಮತ್ತೆ ಆಸ್ಟ್ರೇಲಿಯಾದಿಂದ ಫೋನ್ ಬರಲಿಲ್ಲ.

ಆ ವರ್ಷವೇ ಅಪ್ಪನಿಗೆ ಕಿಲ್ಕೆನ್ನಿ ಅನ್ನುವ ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಬಾಡಿಗೆ ಜಾಸ್ತಿಯಾದರೂ ಸರಿ, ಅಡುಗೆಮನೆಯಿಂದ ಸಮುದ್ರ ಕಾಣಬೇಕು ಎಂದು ಹಟ ಹಿಡಿದು ನಾವಿದ್ದ ಮನೆ ಕೊಡಿಸಿಕೊಂಡವಳು ಅಮ್ಮ. ಒಪ್ಪುತ್ತಾಳೋ ಇಲ್ಲವೋ ಎಂದು ಅಪ್ಪ ಹೆದರಿಹೆದರಿಯೇ ವಿಷಯ ತೆಗೆದರು.

"ಅಲ್ಲಿ ಸಮುದ್ರ ಇದ್ಯಾ?" ಅಂದಳು.

"ಇಲ್ಲ."

"ಹಾಗಾದ್ರೆ ನಡೀರಿ, ಹೋಗೋಣ."