ವಿಮಾನವಿಲ್ಲದ ನಾಲ್ಕನೆಯ ಫೋಟೋ

ಸ್ಟುಡಿಯೋ ಇಂದ್ರೇಶ್ ಕಂಪ್ಯೂಟರಿನ ಪರದೆಯನ್ನು ಹೆಮ್ಮೆಯಿಂದ ತಿರುಗಿಸಿ ತೋರಿಸಿದ. ಮೀನಾಕ್ಷಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

"ಯಾರಪ್ಪ ಈಯಮ್ಮ?"

"ನಿಮ್ಮ ತಾಯಿ ಅಲ್ವಾ ಮೇಡಂ?"

ಪರದೆಯ ಮೇಲಿದ್ದಾಕೆ ಹಾಲಿನಂತೆ ಬೆಳ್ಳಗಿದ್ದಳು. ಕೆಂಪು ರೇಷ್ಮೆ ಸೀರೆ, ಕೊರಳ ತುಂಬ ಸರ, ಒಂದೇ ಸಾಲಿನ ಹಲ್ಲು. ಅರಸೀಕೆರೆ ರೈಲ್ವೆಯ ಗ್ಯಾಂಗ್‌ಮನ್ ದ್ಯಾವಯ್ಯನ ಹೆಂಡತಿ ದೇವೀರಮ್ಮ ಬದುಕಿದ್ದಷ್ಟು ದಿನ ರೇಷ್ಮೆ ಮುಟ್ಟಿದವಳಲ್ಲ.

"ನೀವು ಕೊಟ್ಟ ಫೋಟೋದಲ್ಲಿ ಬರೀ ಗದ್ದ ಇತ್ತು. ಮಿಕ್ಕಿದ್ದನ್ನ ಕಂಪ್ಯೂಟರ್ ಊಹೆ ಮಾಡ್ಕೊಳ್ತದೆ ಮೇಡಂ."

"ಊಹೆ ಮಾಡೋಕೆ ನಾನಿಲ್ವಾ? ಐವತ್ತೆರಡು ವರ್ಷದಿಂದ ಅದನ್ನೇ ಮಾಡ್ತಿದೀನಿ" ಎಂದವಳೇ ಹಳೆಯ ಫೋಟೋಗಳನ್ನು ಬ್ಯಾಗಿಗೆ ಹಾಕಿಕೊಂಡು ಹೊರಟಳು. ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಹಳೇಬೀಡಿಗೆ ಹೋಗುವುದೆಂದು ನಿಶ್ಚಯಿಸಿಬಿಟ್ಟಿದ್ದಳು. ಮೀನಾಕ್ಷಿ ನಿಶ್ಚಯಿಸಿದರೆ ಮುಗಿಯಿತು, ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಫೋಟೋಗಳ ಕಥೆ ಹೇಳದಿದ್ದರೆ ಹಳೇಬೀಡು ಯಾಕೆಂದು ತಿಳಿಯುವುದಿಲ್ಲ. ಎಪ್ಪತ್ತೊಂದರ ಯುದ್ಧದ ಡಿಸೆಂಬರ್. ದೇವೀರಮ್ಮನ ಅಣ್ಣ ಬೋರಯ್ಯ ಆಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಹುಲ್ಲು ಕೊಯ್ಯುವ ಕೆಲಸಕ್ಕಿದ್ದ. 'ಮಿಲಿಟರಿ ವಿಮಾನ ಏಳೋದು, ಇಳಿಯೋದು ಬೇಲಿಯಾಚೆ ನಿಂತರೆ ಕಾಣ್ತದೆ, ಬನ್ನಿ' ಎಂದು ಕಾಗದ ಬರೆಸಿದ. ದ್ಯಾವಯ್ಯ ರೈಲ್ವೆ ಪಾಸು ತೆಗೆದುಕೊಂಡು ಹೆಂಡತಿಯನ್ನೂ ಏಳು ವರ್ಷದ ಮೀನಾಕ್ಷಿಯನ್ನೂ ಕರೆದುಕೊಂಡು ಹೋದ. ಬೇಲಿಯ ಹತ್ತಿರ ಜಾತ್ರೆಯಷ್ಟು ಜನ. ಮರದ ಕೆಳಗೊಬ್ಬ ಫೋಟೋದವನು ಕ್ಯಾಮೆರಾ ನಿಲ್ಲಿಸಿಕೊಂಡು, "ವಿಮಾನದ ಜೊತೆ ಫ್ಯಾಮಿಲಿ ಫೋಟೋ" ಎಂದು ಕೂಗುತ್ತಿದ್ದ. ಇವರನ್ನೂ ಬೋರಯ್ಯನನ್ನೂ ಅವನ ಮಗನನ್ನೂ ಸಾಲಾಗಿ ನಿಲ್ಲಿಸಿ, "ಎಲ್ಲಾ ನನ್ನ ಕಡೆ ನೋಡಿ" ಎನ್ನುತ್ತಿದ್ದ. ವಿಮಾನ ಮೊರೆದುಕೊಂಡು ಬಂದ ಕೂಡಲೇ ಕ್ಲಿಕ್ ಮಾಡುತ್ತಿದ್ದ. ವಿಮಾನ ತಲೆಯ ಮೇಲೆ ಬಂದಾಗ ಯಾವನು ಕ್ಯಾಮೆರಾ ನೋಡಿಯಾನು? ನಾಲ್ಕು ಸಲ ಹಾಗಾಯಿತು. ಐದನೆಯ ಸಲಕ್ಕೆ ಪೊಲೀಸಿನವನು ಸೀಟಿ ಊದಿ, "ಯುದ್ಧದ ಟೈಮಲ್ಲಿ ಇಲ್ಲಿ ಫೋಟೋ ಬೇರೆ ಕೇಡು" ಎಂದು ಅಟ್ಟಿದ.

ಫೋಟೋ ಕೈಗೆ ಬಂದಾಗ ನಾಲ್ಕರಲ್ಲಿ ಒಂದರಲ್ಲೂ ವಿಮಾನವಿರಲಿಲ್ಲ. ಬಾಯಿ ಬಿಟ್ಟುಕೊಂಡು ಆಕಾಶ ನೋಡುವ ಜನ ಮಾತ್ರ ಇದ್ದರು. ಮೂರನ್ನು ದ್ಯಾವಯ್ಯ ಇಟ್ಟುಕೊಂಡ, ಒಂದನ್ನು ಬೋರಯ್ಯ.

ಎರಡು ವರ್ಷಕ್ಕೆ ದೇವೀರಮ್ಮ ಕಾಮಾಲೆಯಾಗಿ ತೀರಿಕೊಂಡಳು. ಮೀನಾಕ್ಷಿಗೆ ಅವ್ವನ ಕೈ ನೆನಪಿತ್ತು, ಎಣ್ಣೆ ಹಚ್ಚಿ ಜಡೆ ಬಿಗಿದರೆ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಬೈಗುಳ ನೆನಪಿತ್ತು. ಮುಖ ಮಾತ್ರ ವರ್ಷದಿಂದ ವರ್ಷಕ್ಕೆ ಅಳಿಸುತ್ತಾ ಹೋಯಿತು. ಮೂರು ಫೋಟೋಗಳಲ್ಲಿ ಒಂದರಲ್ಲಿ ಅವ್ವನ ಗದ್ದ ಮತ್ತು ಕುತ್ತಿಗೆ, ಇನ್ನೊಂದರಲ್ಲಿ ಬೆನ್ನು. ಮೂರನೆಯದರಲ್ಲಿ ವಿಮಾನದ ಕಡೆ ಕೈತೋರಿಸುತ್ತಿದ್ದ ಬೋರಯ್ಯನ ತೋಳು ಅವಳ ಮುಖಕ್ಕೆ ಅಡ್ಡ. ಮೂರರಲ್ಲೂ ಮೀನಾಕ್ಷಿ ಮುಗಿಲಿಗೆ ಮುಖ ಎತ್ತಿಕೊಂಡು ನಿಂತಿದ್ದಾಳೆ. ಹಾಳಾದ ವಿಮಾನ! ಅವತ್ತು ಅದನ್ನು ಬಿಟ್ಟು ಅವ್ವನನ್ನು ನೋಡಿದ್ದರೆ ಈವತ್ತು ಆ ಮುಖ ನೆನಪಿರುತ್ತಿತ್ತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು. ಮೊನ್ನೆ ಮನೆಗೆ ಬಣ್ಣ ಬಳಿಸಿದಾಗ ಬುದ್ಧ, ಬಾಬಾಸಾಹೇಬರ ಪಟಗಳ ಪಕ್ಕ ಅಪ್ಪನದನ್ನು ತೂಗುಹಾಕಿದಳು. ಅಪ್ಪನ ಪಕ್ಕ ಅವ್ವ ಇಲ್ಲದ್ದನ್ನು ಇನ್ನು ಸಹಿಸಲಾರೆ ಅನ್ನಿಸಿತು.

ನಾಲ್ಕನೆಯ ಫೋಟೋ ಹಳೇಬೀಡಿನಲ್ಲಿ, ಬೋರಯ್ಯನ ಮಗ ಭೀಮರಾಜನ ಮನೆಯಲ್ಲಿತ್ತು. ತೊಡಕು ಇದ್ದದ್ದೂ ಅಲ್ಲೇ. ಎಂಬತ್ತೊಂದರಲ್ಲಿ ಬೋರಯ್ಯ ತಂಗಿಯ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಲು ಬಂದಿದ್ದ. ಕೇಳುವುದೇನು ಬಂತು, ಸೋದರಮಾವನ ಹಕ್ಕು. ದ್ಯಾವಯ್ಯ ತಲೆಯಾಡಿಸಿಯೂ ಆಗಿತ್ತು. ಪಿಯುಸಿ ಓದುತ್ತಿದ್ದ ಮೀನಾಕ್ಷಿ ಬಾಗಿಲಿಗೆ ಬಂದು, "ಭಾವನ ಮ್ಯಾಲೆ ನಂಗೇನೂ ಸಿಟ್ಟಿಲ್ಲ ಮಾವ. ನಾನು ಓದಬೇಕು. ಒಲ್ಲೆ" ಎಂದಳು. ಬೋರಯ್ಯ ಅರ್ಧ ಕುಡಿದ ಕಾಫಿ ಲೋಟ ಕೆಳಗಿಟ್ಟು ಎದ್ದುಹೋದ. ಆಮೇಲೆ ಮದುವೆಗೂ ಇಲ್ಲ, ಸಾವಿಗೂ ಇಲ್ಲ. ಅವಳು ಓದಿ, ಪರೀಕ್ಷೆ ಕಟ್ಟಿ, ಅಪ್ಪ ಹಳಿಗೆ ಸುತ್ತಿಗೆ ಹೊಡೆದ ಅದೇ ಅರಸೀಕೆರೆ ಜಂಕ್ಷನ್ನಿನ ಟಿಕೆಟ್ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ಕುಳಿತು ಹೋದ ವರ್ಷ ರಿಟೈರಾದಳು.

ಮಾರನೆಯ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದಳು. ಕೆರೆ ದಾಟಿದ ಮೇಲೆ ಬಲಕ್ಕೆ ಮನೆ. ಜಗಲಿಯ ಮೇಲೆ ಭೀಮರಾಜ ಪೇಪರ್ ಓದುತ್ತಿದ್ದ. ಸರ್ಕಾರಿ ಬಸ್ಸಿನ ಡ್ರೈವರಾಗಿ ರಿಟೈರಾದವನು. ತಲೆ ಎತ್ತಿ ನೋಡಿದ, ಗುರುತು ಹಿಡಿದ.

"ಅರಸೀಕೆರೆಯಿಂದ ಇಲ್ಲಿಗೆ ನಾನು ಒಂದೂವರೆ ಗಂಟೆಗೆ ಬಸ್ ತತ್ತಿದ್ದೆ. ನೀನು ನಲವತ್ನಾಕು ವರ್ಷ ತಗಂಡಲ್ಲ!"

ಮೀನಾಕ್ಷಿ ಸುತ್ತಿ ಬಳಸದೆ ಬಂದ ಕಾರಣ ಹೇಳಿದಳು. ಅವನ ಮುಖ ಗಂಟಿಕ್ಕಿತು.

"ಅದಾಗಕಿಲ್ಲ. ನಮ್ಮಪ್ಪ ಸಾಯೋ ಮುಂಚೆ ಹೇಳವ್ನೆ, ಈ ಮನೆಯಿಂದ ಆ ಮನೆಗೆ ಒಂದು ಕಡ್ಡಿನೂ ಹೋಗಕೂಡದು ಅಂತ."

"ನಾನು ಕಡ್ಡಿ ಕೇಳಿದ್ನಾ ಭಾವ? ನಮ್ಮವ್ವನ್ನ ಕೇಳ್ತಿದೀನಿ."

ಅವನು ಟವೆಲು ಕೊಡವಿ ತೋಟದ ಕಡೆ ಹೋಗಿಬಿಟ್ಟ. ಮೀನಾಕ್ಷಿ ಜಗಲಿಯ ಮೇಲೆ ಬ್ಯಾಗಿಟ್ಟು ಪಕ್ಕದಲ್ಲಿ ಕುಳಿತಳು. ಬಿಸಿಲು ಕಾಲಿಗೆ ಬಂತು, ಮೊಣಕಾಲಿಗೆ ಬಂತು. ಅವನ ಹೆಂಡತಿ ಹನುಮಮ್ಮ ಎರಡು ಸಲ ಹೊರಗೆ ಬಂದು ನೋಡಿ, ಮೂರನೆಯ ಸಲ ಮುದ್ದೆ, ಸೊಪ್ಪಿನ ಸಾರಿನ ತಟ್ಟೆ ಹಿಡಿದುಕೊಂಡೇ ಬಂದಳು.

"ಉಣ್ಣಕ್ಕ. ನೀನು ಒಲ್ಲೆ ಅಂದಿದ್ಕೇ ನಾನು ಈ ಮನೆಗೆ ಬಂದಿದ್ದು. ನಿನ್ನ ಹೊಗಳಬೇಕೋ ಬಯ್ಯಬೇಕೋ ಇವತ್ತಿಗೂ ಗೊತ್ತಾಗಿಲ್ಲ."

ಇಬ್ಬರೂ ನಕ್ಕರು. ಮಧ್ಯಾಹ್ನ ಭೀಮರಾಜ ಬಂದಾಗ ಅವಳು ಕುಳಿತಲ್ಲೇ ಇದ್ದಳು.

"ಇನ್ನೂ ಹೋಗಿಲ್ವಾ?"

"ಮೂವತ್ನಾಲ್ಕು ವರ್ಷ ಕೌಂಟರಲ್ಲಿ ಕೂತಿದೀನಿ ಭಾವ. ಕೂರೋದು ನಂಗೆ ಚೆನ್ನಾಗಿ ಬತ್ತದೆ."

ಅವನು ಹೆಗಲ ಟವೆಲನ್ನು ತೆಗೆದು ಜಗಲಿಯ ಮೇಲೆ ಹಾಕಿದ. ಆಮೇಲೆ ಒಳಗೆ ಮುಖ ಮಾಡಿ, "ಏ, ಅದನ್ನ ತಂದು ತೋರ್ಸೇ ಅತ್ಲಾಗಿ. ಬೇರೆಯೋರ ಅವ್ವನ್ನ ಎಷ್ಟು ದಿನಾಂತ ಟ್ರಂಕಲ್ಲಿ ಇಟ್ಕೊಳಾದು" ಎಂದ.

ಹನುಮಮ್ಮ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಫೋಟೋವನ್ನು ಬಿಚ್ಚಿ ಮೀನಾಕ್ಷಿಯ ಕೈಗಿಟ್ಟಳು. ಇದರಲ್ಲೂ ಅವ್ವ ಕ್ಯಾಮೆರಾ ನೋಡಿರಲಿಲ್ಲ. ಎಲ್ಲರಂತೆ ಮೇಲೆ ನೋಡುತ್ತಿದ್ದಳು. ಆದರೆ ಸ್ವಲ್ಪ ಈ ಕಡೆ ಹೊರಳಿದ್ದರಿಂದ ಮುಖ ಪೂರ್ತಿ ಕಾಣುತ್ತಿತ್ತು. ಸೆರಗು ತಲೆಯಿಂದ ಜಾರಿತ್ತು. ಮುಂದಿನ ಎರಡು ಹಲ್ಲಿನ ನಡುವೆ ಸಂದು. ಅವ್ವ ಬಾಯ್ತುಂಬ ನಗುತ್ತಿದ್ದಳು, ಕಣ್ಣು ಮುಚ್ಚಿಯೇ ಹೋಗಿತ್ತು. ಅವ್ವ ಹಾಗೆ ನಗುತ್ತಿದ್ದಳೆಂದು ಮೀನಾಕ್ಷಿಗೆ ಯಾರೂ ಹೇಳಿರಲಿಲ್ಲ.

ಪಕ್ಕದಲ್ಲಿ ಅವ್ವನ ಸೀರೆ ಹಿಡಿದುಕೊಂಡಿದ್ದ ಹುಡುಗಿಯನ್ನು ಅವಳು ಆಮೇಲೆ ಗಮನಿಸಿದಳು. ಅಪ್ಪ, ಮಾವ, ಭೀಮರಾಜ, ಹಿಂದಿನ ಜನ ಎಲ್ಲರೂ ವಿಮಾನ ನೋಡುತ್ತಿದ್ದರು. ಏಳು ವರ್ಷದ ಮೀನಾಕ್ಷಿ ಮಾತ್ರ ಕತ್ತು ಎತ್ತಿ ಅವ್ವನ ಮುಖ ನೋಡುತ್ತಿದ್ದಳು.

"ನೋಡಿದೀನಿ" ಎಂದಳು. "ನಾನು ನೋಡಿದೀನಿ ಭಾವ." ಅರವತ್ತೊಂದು ವರ್ಷದ ಹೆಂಗಸು ಪರರ ಜಗಲಿಯ ಮೇಲೆ ಕುಳಿತು ಗಳಗಳ ಅತ್ತಳು. ಭೀಮರಾಜ ಏನು ಮಾಡಬೇಕೋ ತಿಳಿಯದೆ ಪೇಪರನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಫೋಟೋ ಕೊಟ್ಟ, ಆದರೆ ಒಬ್ಬಳ ಕೈಯಲ್ಲಿ ಕಳಿಸಲಿಲ್ಲ. "ಕಳೆದುಹಾಕ್ಬಿಟ್ರೆ?" ಎಂದು ತಾನೂ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಡ್ರೈವರನು ಗೇರು ಹಾಕುವುದು ಸರಿಯಿಲ್ಲವೆಂದು ಗೊಣಗಿದ.

ಸ್ಟುಡಿಯೋದಲ್ಲಿ ಇಂದ್ರೇಶ್ ಫೋಟೋವನ್ನು ಪರದೆಗೆ ತಂದು ದೊಡ್ಡದು ಮಾಡಿದ. "ಇದು ಸಕತ್ತಾಗೈತೆ ಮೇಡಂ. ತಾಯಿಯವರೊಬ್ಬರನ್ನ ಇಟ್ಟು ಮುಖ ನೇರ ಮಾಡಣ. ಮಿಕ್ಕಿದೋರನ್ನ ತೆಗೆದುಬಿಡ್ಲಾ? ಈ ಮೂಗು ಸುರಿಸ್ಕೊಂಡು ನಿಂತಿರೋ ಹುಡುಗನ್ನಂತೂ ತೆಗೀಲೇಬೇಕು."

ಬಾಗಿಲಲ್ಲಿ ನಿಂತಿದ್ದ ಭೀಮರಾಜ ಅರಿವಿಲ್ಲದೆಯೇ ಮೂಗು ಒರೆಸಿಕೊಂಡ. ಮೀನಾಕ್ಷಿಯ ಕಡೆ ನೋಡಿದ.

"ಮುಖ ಮುಟ್ಟಬೇಡ. ನಮ್ಮವ್ವ ಮೇಲೇ ನೋಡ್ತಿರಲಿ" ಎಂದಳು ಮೀನಾಕ್ಷಿ. "ಯಾರನ್ನೂ ತೆಗೀಬೇಡ ಕಣಪ್ಪ. ಎರಡು ಕಾಪಿ ಹಾಕು. ಒಂದು ಅರಸೀಕೆರೆಗೆ, ಒಂದು ಹಳೇಬೀಡಿಗೆ."